ಮಾಳಿಂಗಪ್ಪ ಕಂಬಳಿಯ ಮೇಲೆ ಕೂರಲಿಲ್ಲ

ಬಳಗಾನೂರು. ಫಸಲಿ ವರ್ಷ ೧೩೫೩, ಪುಷ್ಯ ಮಾಸ, ಸೋಮವಾರ ರಾತ್ರಿ.

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಅನ್ನುವುದು ಮಾತ್ರ ಈಗ ತಿಳಿಯುತ್ತಿಲ್ಲ.

ಎಳ್ಳಮಾವಾಸ್ಯೆಗೆಂದು ಹೈದರಾಬಾದಿನಿಂದ ಬಂದಿದ್ದ ತಮ್ಮನ ಮಗ ಮಾಳಿಂಗಪ್ಪ ನಾಳೆ ಕಾಲೇಜಿಗೆ ಹೊರಡಬೇಕು. ಊರು ಬಿಡುವವರನ್ನು ಕಂಬಳಿಯ ಮೇಲೆ ಕೂರಿಸಿ ಹಣೆಗೆ ದೇವರ ಅರಿಸಿನ, ಭಂಡಾರ ಹಚ್ಚುವುದು ನಮ್ಮ ಮನೆತನದ ಪದ್ಧತಿ. ಅವನ ತಾಯಿ ಕನಕಮ್ಮ ಕಂಬಳಿ ಹಾಸಿದಳು. ಇವನು ನಿಂತೇ ಇದ್ದ.

"ಕುಂಡ್ರಲೇ. ಪಟ್ಟಣದಾಗ ಕುರ್ಚಿ ಕಂಡೀನಂತ ಸೊಕ್ಕು ಬಂತೇನು?" ಅಂದೆ.

"ಸೊಕ್ಕಲ್ಲ ದೊಡ್ಡಪ್ಪ, ಅಂಗಿಗೆ ಕುರಿ ವಾಸನಿ ಹತ್ತತೈತಿ. ನಾ ಒಳಗ ಬಂದ್ರ ಬೋರ್ಡಿಂಗ್ ಹುಡುಗರು ಕುರಿಯಂಗ 'ಬ್ಯಾ' ಅಂತಾರ. ನೀ ಕೊಟ್ಟ ಕಂಬಳಿ ಹೋದ ತಿಂಗಳದಾಗೇ ಖೋಲಿ ಹೊರಗ ಒಗದ್ರು."

"ಮತ್ತ ಚಳಿಗೆ ಏನು ಹೊದ್ಕೊಂತಿ?"

"ಧೋತರ."

ಬಂದಾಗಿನಿಂದ ಅವನು ಕೆಮ್ಮುತ್ತಿರುವುದು ಯಾಕೆಂದು ಆಗ ತಿಳಿಯಿತು.

"ಕುರಿನಾದ್ರೂ ಕಾಯ್ಲಿ ಬಿಡ್ರಿ ಭಾವಾ, ಜೀವ ಇದ್ರ ಸಾಕು" ಎಂದು ಕನಕಮ್ಮ ಅತ್ತಳು. ನಾನು ಒಪ್ಪಲಿಲ್ಲ. ಲಿಂಗಸುಗೂರಿನ ಸರಕಾರಿ ಕಚೇರಿಯಲ್ಲಿ ಕುರಿ ಕಾಯುವ ನಾವಿನ್ನೂ ಬಾಗಿಲ ಹೊರಗೇ ನಿಲ್ಲುವವರು. ನಮ್ಮವನೊಬ್ಬ ಒಳಗೆ ಕೂರಬೇಕು. ಕಾಲೇಜಿಗೆ ಹೋಗಲೇಬೇಕು ಎಂದು ಮಾಳಿಂಗಪ್ಪನಿಗೆ ಅಂದೆ. "ಹೂಂ" ಅಂದ. ಕಂಬಳಿ ತುಳಿಯದೆ, ಗೋಡೆಗುಂಟ ಸುತ್ತು ಹಾಕಿ ಒಳಗೆ ಹೋದ.

ಕಂಬಳಿ ಪಡಸಾಲೆಯಲ್ಲಿ ಹಾಸಿದಂತೆಯೇ ಇದೆ, ಯಾರೂ ಮಡಚಿಲ್ಲ. ಭಂಡಾರದ ಬಟ್ಟಲೂ ಅಲ್ಲೇ ಇದೆ. ಒಳಗೆ ಕೆಮ್ಮು ನಿಂತಿಲ್ಲ. ಎದ್ದು ಹೋಗಿ ಇದನ್ನೇ ಹೊದಿಸೋಣ ಅನಿಸುತ್ತದೆ. ಆದರೆ ನಾಳೆ ಅಂಗಿಗೆ ವಾಸನೆ ಹತ್ತಿತೆಂದರೆ, ಅಲ್ಲಿ ಆ ಹುಡುಗರು ಮತ್ತೆ 'ಬ್ಯಾ' ಅನ್ನುತ್ತಾರೆ.