ಎರಡು ಟ್ರಿಪ್ಪೂ ಅದೇ ಹಡಗಿನಲ್ಲಿ

ರೈಹಾನಾ,

ನೀನು ಮಧ್ಯಾಹ್ನದ ನಿದ್ದೆಯಲ್ಲಿದ್ದೀಯ. ಎಬ್ಬಿಸಲು ಮನಸ್ಸಾಗಲಿಲ್ಲ. ಮುಂಬೈ ರೈಲಿಗೆ ಹೊರಟೆ.

ಉಮ್ಮನಿಗೆ ಪ್ರೆಶರಿನ ಮಾತ್ರೆ ತಿಂಡಿಯಾದ ಮೇಲೆ ಕೊಡು. ವಾಕರ್ ಮಂಚದ ಪಕ್ಕದಲ್ಲೇ ಇರಲಿ. ಸೊಂಟ ಮುರಿದದ್ದನ್ನು ಮರೆತು ಒಬ್ಬರೇ ಎದ್ದು ಹೊರಡುತ್ತಾರೆ. ಮಕ್ಕಳು ಟ್ಯಾಂಕಿಯ ಮೋಟಾರ್ ಮುಟ್ಟದ ಹಾಗೆ ನೋಡಿಕೋ.

ನಿನ್ನ ಅಣ್ಣ ಅಡುಗೆ ಕೆಲಸಕ್ಕೆ ಸೇರಿದ ಪ್ರವಾಸಿ ಹಡಗನ್ನು ನಾನು ಇಷ್ಟು ವರ್ಷ ಫೋನಿನಲ್ಲಷ್ಟೇ ನೋಡಿದ್ದೆ. ಲಕ್ಷದ್ವೀಪದ ಒಂದು ಟ್ರಿಪ್ ಸಾಕು ಎಂದುಕೊಂಡಿದ್ದೆ. ಆದರೆ ಅದರಲ್ಲಿ ಅವರಿಗೆ ಪೂರ್ತಿ ಡ್ಯೂಟಿ. ಅದು ಮುಗಿದ ಕೂಡಲೇ ಅದೇ ಹಡಗು ಗೋವಾಕ್ಕೆ ಹೋಗುವಾಗ ಮಾತ್ರ ಸಂಜೆ ಬಿಡುವು. "ಎರಡಕ್ಕೂ ಹೋಗಿ ಅತ್ತಿಗೆ. ನನ್ನ ಉಮ್ಮನನ್ನು ನೋಡ್ಲಿಕ್ಕೆ ನನಗೆ ಬರುದಿಲ್ವಾ?" ಎಂದು ನೀನು ಕಾಟಿಪಳ್ಳದ ನಿನ್ನ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರೆದುಕೊಂಡು ಬಂದೆ.

ನಿನ್ನೆ ಅದಕ್ಕೆ ಥ್ಯಾಂಕ್ಸ್ ಹೇಳಲೆಂದೇ ಅಡುಗೆಮನೆಗೆ ಬಂದಿದ್ದೆ. ಅಳು ಬರುವ ಹಾಗಾಯಿತು. ಅದಕ್ಕೇ ಬಂಗುಡೆ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ನಿನಗೆ ಬೈದುಬಿಟ್ಟೆ. ಸಾರು ಚೆನ್ನಾಗಿತ್ತು. ನೀನು ಮಾಡಿದ ಉಪಕಾರವನ್ನು ನಾನು ಮರೆಯುವುದಿಲ್ಲ.

ಈಗ ಹೊರಡುವಾಗ ಉಮ್ಮನ ಕೈ ಹಿಡಿದೆ. "ಎಂತಕ್ಕೆ ಅಳುದು? ಹೋಗು ಮಾರಾಯ್ತಿ, ನನಗೆ ನನ್ನ ಮಗಳುಂಟು" ಎಂದರು.

ನಾನಿಲ್ಲದೆಯೂ ಅವರು ಚೆನ್ನಾಗಿರುತ್ತಾರೆ ಎಂದು ಗೊತ್ತು. ಆದರೂ "ಸಬೀನಾ ಯಾವಾಗ ಬರ್ತಾಳೆ ಅಂತ ಉಮ್ಮ ಕೇಳಿದರು" ಎಂದು ಒಂದು ಮೆಸೇಜ್ ಹಾಕು. ಕೇಳದಿದ್ದರೂ ಹಾಕು.

ಸಬೀನಾ