ಅಮ್ಮ ಸಣ್ಣಗಾದದ್ದು

ತುಮಕೂರು
೨೧-೩-೧೯೮೪

ಪ್ರೀತಿಯ ಅಪ್ಪನಿಗೆ,

ನಿಮ್ಮ ವನಜಾಳ ನಮಸ್ಕಾರಗಳು. ಸೋಮವಾರವೇ ಬರೆಯುತ್ತೇನೆ ಎಂದಿದ್ದೆ, ಕ್ಷಮಿಸಿ. ರಿಪೋರ್ಟ್ ಬಾರದೆ ಏನು ಬರೆಯುವುದು? ನೀವು ರಜ ಸಿಗದೆ ಗುಬ್ಬಿಯಲ್ಲಿ ಒಬ್ಬರೇ ಒದ್ದಾಡುತ್ತಿದ್ದೀರಿ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಮ್ಮ ಪಾರು! ಗಡ್ಡೆ ಕ್ಯಾನ್ಸರೇ ಹೌದು. ಆದರೆ ಕರುಳಿನ ಗೋಡೆ ದಾಟಿಲ್ಲ. ಲಿವರ್ ಕ್ಲೀನ್. ಆಪರೇಷನ್ನಿನಲ್ಲಿ ಗಡ್ಡೆಯನ್ನು ಪೂರ್ತಿ ತೆಗೆದಿದ್ದಾರೆ.

ಹಾಸ್ಟೆಲ್ಲಿನ ಸೀನಿಯರ್ ಒಬ್ಬಳು, "ದಪ್ಪ ಇರೋರ ಹೊಟ್ಟೇಲಿ ಗಡ್ಡೆ ಕೈಗೆ ಸಿಗಲ್ಲ ಕಣೇ, ಸಿಗೋ ಹೊತ್ತಿಗೆ ಲೇಟ್ ಆಗಿರುತ್ತೆ" ಅಂದಿದ್ದಳು. ಮೆಡಿಕಲ್ ಮೊದಲ ವರ್ಷದವಳು ನಾನು, ಮೂಳೆಗಳ ಹೆಸರು ಬಿಟ್ಟರೆ ಏನೂ ಬಾರದು. ಅದನ್ನೇ ನಂಬಿ ಹೆದರಿ ಸತ್ತಿದ್ದೆ. ಇವತ್ತು ಧೈರ್ಯ ಮಾಡಿ ಸರ್ಜನ್ನರನ್ನೇ ಕೇಳಿದೆ.

"ದಪ್ಪ ಇದ್ದೋರಿಗೆಲ್ಲ ಕಾಯಿಲೆ ಮುಂದುವರಿದೇ ಇರುತ್ತೆ ಅಂತೇನಿಲ್ಲಮ್ಮ. ಆದ್ರೆ ಅವರು ಸಣ್ಣಗಾದ್ರೆ ಯಾಕೆ ಅಂತ ಯಾರೂ ಕೇಳಲ್ಲ ನೋಡು" ಎಂದರು.

ಕುಣಿಗಲ್ಲಿನಿಂದ ಬಂದಿರುವ ನಿಮ್ಮ ಅಕ್ಕ ತುಳಸತ್ತೆ ಪಕ್ಕದಲ್ಲೇ ಇದ್ದರು. "ಅಯ್ಯೋ, ಶನಿವಾರದ ಒಪ್ಪತ್ತು ಮಾಡಿ ಕರಗಿದ್ಲು ಅಂತ ನಾನೂ ರಾತ್ರಿ ಊಟ ಬಿಟ್ಟಿದ್ನಲ್ಲೇ! ಇನ್ಮೇಲೆ ಧಾರಾಳವಾಗಿ ಉಪ್ಪಿಟ್ಟು ತಿಂತೀನಿ ಬಿಡು" ಅಂದರು. ಅಮ್ಮ ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ ಅತ್ತಿಗೆ, ಹೊಲಿಗೆ ಬಿಚ್ಚೋಗುತ್ತೆ!" ಎಂದಳು. ಶಿವರಾತ್ರಿಯ ದಿನ ತಲೆ ಸುತ್ತಿ ಬಿದ್ದ ಮೇಲೆ ಅವಳು ನಕ್ಕದ್ದು ಇವತ್ತೇ. ನಾನು ವರಾಂಡಕ್ಕೆ ಹೋಗಿ ಅತ್ತುಬಂದೆ.

ಹಾಲಿಗೆ ಹೆಪ್ಪು ಹಾಕುವುದನ್ನು ಮರೆಯಬಾರದಂತೆ, ಅಮ್ಮನ ಆರ್ಡರ್. ನನ್ನ ಪರೀಕ್ಷೆಗೆ ಅವಳು ತಲೆ ಸವರಿ ಹರಸಿಯಾಯಿತು. ನಿಮ್ಮ ಆಶೀರ್ವಾದವೂ ಇರಲಿ.

ನಿಮ್ಮ ಮಗಳು
ವನಜಾ

ತಾ.ಕ.: ಬರೆಯಲೋ ಬೇಡವೋ ಎಂದು ಕವರ್ ಅಂಟಿಸದೆ ಇಟ್ಟಿದ್ದೆ. ಮಲದಲ್ಲಿ ರಕ್ತ ಹೋಗುತ್ತಿದ್ದದ್ದು ಅಮ್ಮನಿಗೆ ದೀಪಾವಳಿಯಿಂದಲೇ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು: "ಮೊದ್ಲು ಉಷ್ಣ ಅಂದ್ಕೊಂಡೆ. ಆಮೇಲೆ ಸಂಕ್ರಾಂತಿ ದಿನ ನಿಮ್ಮಪ್ಪ, ಈಗ ಲಕ್ಷಣವಾಗಿ ಕಾಣ್ತೀಯ ಅಂದ್ರು ಕಣೇ. ಮದ್ವೆ ಆದ್ಮೇಲೆ ಅದೇ ಮೊದ್ಲು. ಡಾಕ್ಟ್ರು ಔಷಧಿ ಕೊಟ್ಟು ಮತ್ತೆ ದಪ್ಪ ಆಗ್ಬಿಟ್ರೆ ಅಂತ ಸುಮ್ನಿದ್ದೆ."

ಊಟ ಸೇರತೊಡಗಿದರೆ ಅಮ್ಮ ಮತ್ತೆ ಮೊದಲಿನಂತೆ ಆಗುತ್ತಾಳಂತೆ. ಭಾನುವಾರ ಬನ್ನಿ ಅಪ್ಪ. ಹಾಗೆ ಆದರೇ ನಿಮಗಿಷ್ಟ ಎಂದು ನೀವೇ ಅವಳಿಗೆ ಹೇಳಬೇಕು. ನಾನು ಹೇಳಿದೆ, ನಂಬಲಿಲ್ಲ.