ಕ್ವಾಸಿಕ್ರಿಸ್ಟಲ್‌ಗೆ ಇಟ್ಟ ಕುಂಕುಮ

ಸಂಶೋಧನಾ ಕೇಂದ್ರದ ನಿರ್ದೇಶಕ ಮಹಾಶಯರೇ,

ಆಯುಧಪೂಜೆಯ ದಿನ ನನ್ನ ಸೂಕ್ಷ್ಮದರ್ಶಕದ ಚೇಂಬರ್ ತೆರೆಸಿದವರು ನೀವು. "ವಿದ್ಯಾರ್ಥಿನಿಯ ನಿರ್ಲಕ್ಷ್ಯದಿಂದ ಮಾದರಿ ಹಾಳಾಗಿದೆ" ಎಂದು ವರದಿ ಬರೆದವರೂ ನೀವೇ. ಅದರಿಂದ ನನ್ನ ಪಿಎಚ್.ಡಿ. ಅರ್ಧಕ್ಕೆ ನಿಂತಿದೆ. ನೀವು ಭೇಟಿಗೇ ಸಿಗದ ಕಾರಣ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಓದುಗರಿಗೂ ತಿಳಿಯಲಿ. ಕ್ವಾಸಿಕ್ರಿಸ್ಟಲ್ ಎಂಬ ಮಿಶ್ರಲೋಹದಲ್ಲಿ ಪರಮಾಣುಗಳು ಕ್ರಮವಾಗಿಯೇ ಕೂತಿರುತ್ತವೆ, ಆದರೆ ಆ ವಿನ್ಯಾಸ ನೆಲದ ಟೈಲ್ಸಿನಂತೆ ಮರುಕಳಿಸುವುದಿಲ್ಲ. ಗಾಳಿ ತೆಗೆದ ಉಕ್ಕಿನ ಚೇಂಬರಿನಲ್ಲಿ ಅದರ ಮೇಲ್ಮೈಯನ್ನು ವಾರಗಟ್ಟಲೆ ಶುಚಿ ಮಾಡಿ, ಸೂಜಿಮೊನೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐದೆಸಳಿನ ಹೂಗಳು ಕಾಣುತ್ತವೆ. ಗಾಳಿ ಸೋಕಿತೋ, ಹೂವೂ ಇಲ್ಲ, ಎಸಳೂ ಇಲ್ಲ. ಕಿಕ್ಕೇರಿಯಿಂದ ಬಸ್ಸು ಬದಲಿಸುತ್ತ ಪಾಂಡವಪುರದ ನಿಮ್ಮ ಕೇಂದ್ರಕ್ಕೆ ಬಂದ ನನಗೆ ಇದನ್ನು ಕಲಿಸಿದವರು ಯಾರು ಸ್ವಾಮಿ? ತಾವೇ ಅಲ್ಲವೇ?

"ಹಬ್ಬಕ್ಕೆ ಊರಿಗೆ ಹೋಗಮ್ಮ, ನಿನ್ನ ಮೆಷಿನ್ನು ನನ್ನ ಜವಾಬ್ದಾರಿ" ಎಂದಿರಿ. ನಂಬಿ ಹೋದೆ. ಅಲ್ಲಿ ನಾನು, ಅವ್ವ ಟ್ರಾಕ್ಟರಿಗೆ ಹಾರ ಹಾಕುತ್ತಿದ್ದಾಗ, ಇಲ್ಲಿ ಅತಿಥಿಗಳೆದುರು ನಿಮಗೆ ಭಕ್ತಿ ಉಕ್ಕಿ ಬಂತು. ಅಟೆಂಡರ್ ಮುದ್ದಯ್ಯನವರು ಬೇಡಿಕೊಂಡರಂತೆ: "ಬ್ಯಾಡಿ ಸಾ, ತಗುದ್ರೆ ಸುನಿತವ್ವನ ಕೆಲ್ಸ ಕೆಟ್ಟೋಯ್ತದೆ. ಆಚೆಯಿಂದ್ಲೇ ಕುಂಕ್ಮ ಇಟ್ಬುಡಿ." ತಾವು ಅಪ್ಪಣೆ ಕೊಡಿಸಿದಿರಿ: "ಬರೀ ಡಬ್ಬಕ್ಕೆ ಪೂಜೆ ಮಾಡಿದರೆ ಏನು ಬಂತು? ಒಳಗಿರೋದಕ್ಕೆ ಇಡ್ರಿ." ಇಟ್ಟರು. ಫೋಟೊ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಪೂಜೆಗೆ ನನ್ನ ತಕರಾರಿಲ್ಲ. ನಾವೂ ಮಾಡಿದೆವಲ್ಲ? ಆದರೆ ಟ್ರಾಕ್ಟರಿನ ಇಂಜಿನ್ ಬಿಚ್ಚಿ ಒಳಗೆ ಕುಂಕುಮ ಸುರಿಯಲಿಲ್ಲ.

"ಓಗ್ಲಿ ಬುಡವ್ವ, ಉಜ್ಜುದ್ರೆ ಓಗಕಿಲ್ವಾ?" ಎಂದು ಅವ್ವ ಸಮಾಧಾನ ಮಾಡಿದಳು. ಉಜ್ಜಬಹುದು. ಹೊಸ ಮೇಲ್ಮೈ ಬರುತ್ತದೆ, ನಾನು ಅರ್ಧ ನೋಡಿ ಮುಗಿಸಿದ್ದ ಮೇಲ್ಮೈ ಬರುವುದಿಲ್ಲ. ಅದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಪಾಠ ಹೇಳಿದ ಕೈಯಿಂದಲೇ ನನ್ನ ಮೇಲೆ ಸುಳ್ಳು ಬರೆದಿರಲ್ಲ, ಅದು ಗಂಟಲಲ್ಲಿ ಇಳಿಯುತ್ತಿಲ್ಲ. ಆ ದಿನ ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ನಾನೇ ಸುಮ್ಮನಾಗುತ್ತಿದ್ದೆ.

ಆ ವರದಿಯನ್ನು ಹಿಂಪಡೆಯಿರಿ. ಬಾಗಿಲು ತೆರೆಸಿದವರು ಯಾರೆಂದು ನಿಮ್ಮ ಕೈಯಾರೆ ಬರೆಯಿರಿ. ಕೆಲಸ ಮತ್ತೆ ಮೊದಲಿನಿಂದ ಮಾಡಲು ನನಗೆ ಅವಕಾಶ ಕೊಡಿ. ಕೊಟ್ಟರೆ, ಮುಂದಿನ ಆಯುಧಪೂಜೆಗೆ ನಾನು ಊರಿಗೆ ಹೋಗುವುದಿಲ್ಲ. ಚೇಂಬರಿಗೆ ಅಡ್ಡವಾಗಿ ಕೂತಿರುತ್ತೇನೆ. ಕುಂಕುಮ ತಂದರೆ ನನ್ನ ಹಣೆಗೇ ಇಡಿ.

ಇಂತಿ,
ನಿಮ್ಮ ಮಾತು ನಂಬಿ ನೆಮ್ಮದಿಯಾಗಿ ಹಬ್ಬದೂಟ ಉಂಡವಳು,
ಸುನಿತಾ, ಕಿಕ್ಕೇರಿ